ಪಾಳಿಯಲ್ಲಿ ನೋಡಿದ ಕಡಲು

ಹಳದಿ ಬಣ್ಣದ ಶಾಲಾ ವ್ಯಾನು ಕಡಲ ದಂಡೆಯ ಊರಿಗೆ ಬಂದು ನಿಂತಾಗ ಭಟ್ಟಿಯ ಕಣ್ಣಿಗೆ ಮೊದಲು ಬಿದ್ದದ್ದು ಕಡಲಲ್ಲ, ಬಿಸಿಲು. ಇಷ್ಟೊಂದು ಬಿಸಿಲನ್ನು ಒಂದೇ ಕಡೆ ಯಾರು ತಂದು ಸುರಿದರಪ್ಪಾ ಎಂದುಕೊಂಡು ಅವನು ಕಣ್ಣು ಕಿರಿದು ಮಾಡಿದ. ಉಳಿದವರಿಗೆ ಅದು ಬೆಳಗಿನ ಹೊತ್ತು. ಅವನ ಪಾಲಿಗೆ ಮಲಗುವ ಹೊತ್ತು.

ಭಟ್ಟಿ ಎನ್ನುವುದು ಅವನ ಹೆಸರಲ್ಲ. ಬೇಕರಿಯಲ್ಲಿ ಎಲ್ಲರೂ ಕರೆದು ಕರೆದು ಅದೇ ಗಟ್ಟಿಯಾಗಿತ್ತು. ಮೀಸೆ ಮೂಡುವ ಮೊದಲೇ ತಟ್ಟೆ ತಿಕ್ಕಲು ಸೇರಿದವನು ಮೀಸೆ ನರೆಯುವ ಹೊತ್ತಿಗೆ ಸೌದೆ ಭಟ್ಟಿಯ ಮುಂದೆ ನಿಲ್ಲುವ ದೊಡ್ಡ ಕೆಲಸಗಾರನಾಗಿದ್ದ. ಊರು ಉಂಡು ಮಲಗುವಾಗ ಇವನು ಅಂಗಿ ಕಳಚಿ ಹಿಟ್ಟಿನ ತೊಟ್ಟಿಗೆ ಕೈ ಹಾಕಬೇಕು. ಊರು ಏಳುವಾಗ ಬ್ರೆಡ್ಡು ಬನ್ನುಗಳನ್ನು ಗಾಡಿಗೆ ಏರಿಸಿ ಮನೆಯ ದಾರಿ ಹಿಡಿಯಬೇಕು. ಮೊಣಕೈವರೆಗೆ ಅವನ ಕೈಮೇಲೆ ಒಂದು ಕೂದಲಿಲ್ಲ, ಎಲ್ಲ ಶಾಖಕ್ಕೆ ಸುಟ್ಟು ಹೋಗಿತ್ತು. ತಲೆಯೊಳಗೂ ಅದೇ ಶಾಖ. ಹಿಟ್ಟು ಹುಳಿಯಾದರೆ ಕೂಗಾಟ, ತಟ್ಟೆಗೆ ಎಣ್ಣೆ ಸರಿಯಾಗಿ ಸವರದಿದ್ದರೆ ಕೂಗಾಟ, ಯಾರೂ ಏನೂ ತಪ್ಪು ಮಾಡದಿದ್ದರೆ 'ಏನ್ರೋ, ಇವತ್ತು ಎಲ್ಲ ಸತ್ತವರ ಹಾಗೆ ಇದ್ದೀರಿ' ಎಂದು ಕೂಗಾಟ.

ಅವನ ಹೆಂಡತಿ ಶಾಲೆಯ ಮಕ್ಕಳ ವ್ಯಾನು ಓಡಿಸುವವಳು. ಓಡಿಸಲು ಕಲಿತದ್ದು ಅವನು ಹಗಲು ಮಲಗಿದ್ದಾಗ. ಲೈಸೆನ್ಸು ಕೈಗೆ ಬಂದ ಮೇಲೇ ಅವನಿಗೆ ಸುದ್ದಿ ಗೊತ್ತಾದದ್ದು. 'ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ?' ಎಂದು ಎಗರಾಡಿದ್ದ. 'ಕೇಳೋಣ ಅಂತಾನೇ ಬಂದೆ. ಬೆಡ್‌ಶೀಟ್ ಒಳಗಿಂದ ಗೊರಕೆ ಬಂತು, ಒಪ್ಪಿಗೆ ಅಂದ್ಕೊಂಡೆ' ಎಂದಿದ್ದಳು ಅವಳು.

ಅವರ ಸಂಸಾರವೆಲ್ಲ ಬಾಗಿಲ ಹತ್ತಿರ ನಡೆಯುತ್ತಿತ್ತು. ಬೆಳಗ್ಗೆ ಅವನು ಒಳಗೆ ಕಾಲಿಡುವಾಗ ಅವಳು ವ್ಯಾನಿನ ಕೀಲಿ ಹಿಡಿದು ಹೊರಗೆ ಕಾಲಿಡುತ್ತಿದ್ದಳು. 'ಗ್ಯಾಸ್ ಮುಗೀತು', 'ಮಗಳು ಫೋನ್ ಮಾಡಿದ್ಲು', 'ನಲ್ಲಿ ಸೋರ್ತಿದೆ ನೋಡಿ', ಇಷ್ಟೇ ಮಾತು. ಸಂಜೆ ಅವಳು ಮಕ್ಕಳನ್ನೆಲ್ಲ ಇಳಿಸಿ ಬರುವಷ್ಟರಲ್ಲಿ ಅವನು ಎದ್ದು, ಮಿಂದು, ಹೊರಡುವ ಗಡಿಬಿಡಿಯಲ್ಲಿರುತ್ತಿದ್ದ. ಅವಳ ರಜೆಯ ದಿನ ಅವನಿಗೆ ಕೆಲಸ, ಅವನ ರಜೆಯ ದಿನ ಅವಳಿಗೆ ಶಾಲೆ. ಮಗಳು ಹುಟ್ಟಿದಾಗ ಪಕ್ಕದ ಮನೆಯಾತ 'ಇದಕ್ಕೆ ಯಾವಾಗಪ್ಪಾ ಪುರುಸೊತ್ತಾಯ್ತು?' ಎಂದು ಕೇಳಿ ಹಿಗ್ಗಾಮುಗ್ಗಾ ಬೈಸಿಕೊಂಡಿದ್ದ. ಆ ಮಗಳೂ ಈಗ ಮದುವೆಯಾಗಿ ಗಂಡನ ಮನೆಯಲ್ಲಿದ್ದಾಳೆ.

ಹೀಗಿರುವಾಗ ಬೇಕರಿಯ ಸಾಹುಕಾರ ಹಳೆಯ ಭಟ್ಟಿ ಒಡೆಸಿ ಕರೆಂಟಿನದು ಕೂರಿಸಲು ಹೊರಟ. ಅದಕ್ಕೆ ರಾತ್ರಿ ಕೆಲಸದವರು ಬೇಡ. ಬೇಕರಿಗೆ ಕೆಲವು ದಿನ ಬೀಗ ಬಿತ್ತು. ಸಾಹುಕಾರ ಭಟ್ಟಿಯ ಮುಂದೆ ಎರಡು ದಾರಿ ಇಟ್ಟ. ಒಂದು, ಹಗಲು ಹೊತ್ತು ಪ್ಯಾಕಿಂಗ್ ಮೇಜು. ಇನ್ನೊಂದು, ಊರ ಹೊರಗಿನ ಹೊಸ ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯ ಮೇಸ್ತ್ರಿ ಕೆಲಸ.

ಹೆಂಡತಿಗೆ ಅವನು ಹಗಲಿಗೆ ಬರಲಿ ಎಂದು ಆಸೆ. ಆದರೆ ಅವಳು ಹಟ ಹಿಡಿಯಲಿಲ್ಲ. 'ನಾನು ಬಲವಂತ ಮಾಡಲ್ಲ ರೀ. ಹೇಗೂ ನಂಗೂ ಶಾಲೆ ರಜ, ನಿಮಗೂ ರಜ. ವ್ಯಾನ್ ತಗೊಂಡು ಹೊರಡೋಣ. ಕಡಲಿನ ಊರಲ್ಲಿ ಒಂದು ದಿನ ಪೂರ್ತಿ ನನ್ನ ಜೊತೆ ಇರಿ. ಹಗಲು ಹೊತ್ತು ಒಬ್ಬರನ್ನೊಬ್ಬರು ತಡ್ಕೊಳ್ಳೋಕೆ ಆಗುತ್ತಾ ನೋಡೋಣ. ಸಂಜೆ ನೀವೇ ಸಾಹುಕಾರ್ರಿಗೆ ಫೋನ್ ಮಾಡಿ, ಮನಸ್ಸಿಗೆ ಬಂದಿದ್ದು ಹೇಳಿ. ರಾತ್ರಿ ಕೆಲಸಾನೇ ಅಂದ್ರೂ ನಾನು ತುಟಿ ಪಿಟಕ್ ಅನ್ನಲ್ಲ.'

ಮಾತೇನೋ ಚೆನ್ನಾಗಿತ್ತು. ಎಡವಟ್ಟೆಂದರೆ, ಹೊರಡುವ ಹಿಂದಿನ ದಿನವೇ ಅವನು ಸಾಹುಕಾರನಿಗೆ ಉತ್ತರ ಕೊಟ್ಟಾಗಿತ್ತು. ಬೇಕರಿಯಲ್ಲಿ ಉಳಿದಿದ್ದ ತನ್ನ ಸಾಮಾನು ತರಲು ಹೋದವನಿಗೆ ಸಾಹುಕಾರ ಪ್ಯಾಕಿಂಗ್ ಮೇಜು ತೋರಿಸಿ 'ಇಲ್ಲಿ ಕೂತ್ಕೋ, ಆರಾಮ' ಎಂದ. ಆ 'ಆರಾಮ' ಎಂಬ ಮಾತಿಗೆ ಇವನ ಪಿತ್ತ ನೆತ್ತಿಗೇರಿತು. 'ಬ್ರೆಡ್ಡಿಗೆ ಪ್ಲಾಸ್ಟಿಕ್ ಅಂಗಿ ತೊಡಿಸೋಕೆ ನಾನೇನು ದರ್ಜೀನಾ? ಫ್ಯಾಕ್ಟರಿಗೇ ಹೋಗ್ತೀನಿ. ಇದೇ ಕೊನೆ ಮಾತು' ಎಂದು ಮೇಜು ಗುದ್ದಿ ಬಂದಿದ್ದ. ಹೆಂಡತಿಗೆ ಹೇಳಬೇಕು ಎಂದುಕೊಂಡ. ಅವಳು ಚೀಲಕ್ಕೆ ಬಟ್ಟೆ ತುಂಬುತ್ತಾ ಏನೋ ಗುನುಗುತ್ತಿದ್ದಳು. ದಾರಿಯಲ್ಲಿ ಹೇಳಿದರಾಯಿತು ಎಂದುಕೊಂಡ. ದಾರಿಯಲ್ಲಿ ಅಣೆಕಟ್ಟು ಬಂತು, ಬೆಟ್ಟ ಬಂತು, ತಂಗಿದ ಲಾಡ್ಜುಗಳಲ್ಲಿ ತಿಗಣೆ ಬಂತು, ಮಾತು ಮಾತ್ರ ಬರಲಿಲ್ಲ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವನ ಹಾಗೆ ನುಂಗುತ್ತಾ ಕೂತಿದ್ದ.

'ಕೈ ಒಳಗೆ ಇಟ್ಕೊಳ್ಳಿ' ಎಂದಳು ಹೆಂಡತಿ, ವ್ಯಾನನ್ನು ದೀಪಸ್ತಂಭದ ಬೀದಿಗೆ ತಿರುಗಿಸುತ್ತಾ.

'ನಾನೇನು ಒಂದನೇ ಕ್ಲಾಸಾ?'

'ಒಂದನೇ ಕ್ಲಾಸಿನೋರು ಹೇಳಿದ್ ತಕ್ಷಣ ಒಳಗೆ ತಗೋತಾರೆ.'

ದೀಪಸ್ತಂಭದ ಬುಡದಲ್ಲಿ ವ್ಯಾನು ನಿಲ್ಲಿಸಲು ಸರಿಯಾದ ಜಾಗವಿರಲಿಲ್ಲ. ಸೀಟಿ ಊದುವವನೊಬ್ಬ ಅತ್ತಿಂದಿತ್ತ ಓಡಾಡುತ್ತಿದ್ದ. ಅವಳು ಅದನ್ನು ನೋಡಿ, 'ನೀವು ಹತ್ತಿ ಬನ್ನಿ. ನಾನು ವ್ಯಾನ್ ಹತ್ರ ಇರ್ತೀನಿ. ನೀವು ಬಂದ್ ಮೇಲೆ ನಾನು ಹೋಗ್ತೀನಿ' ಎಂದಳು. ಅದರಲ್ಲಿ ವಿಚಿತ್ರವಾದದ್ದೇನೂ ಇಬ್ಬರಿಗೂ ಕಾಣಲಿಲ್ಲ. ಮದುವೆಯಾದಾಗಿನಿಂದ ಬದುಕಿದ್ದೇ ಹಾಗೆ.

ಅವನು ಸುರುಳಿ ಮೆಟ್ಟಿಲು ಹತ್ತಿದ. ಹತ್ತುತ್ತಾ ಹತ್ತುತ್ತಾ ಮುಂದಿದ್ದ ದಪ್ಪನೆಯ ಮನುಷ್ಯನನ್ನು ಮನಸ್ಸಿನಲ್ಲೇ ಬೈದ, ಹಿಂದಿನಿಂದ ತಳ್ಳುತ್ತಿದ್ದವರನ್ನು ಬಾಯಿಬಿಟ್ಟೇ ಬೈದ. ಮೇಲೆ ತಲುಪಿದಾಗ ಗಾಳಿ ಮುಖಕ್ಕೆ ರಪ್ಪನೆ ಹೊಡೆಯಿತು. ಕೆಳಗೆ ಕಡಲು. ಎತ್ತ ನೋಡಿದರೂ ಅದೇ, ಮುಗಿಯುವ ಹಾಗೇ ಇಲ್ಲ. ಅವನಿಗೆ ಏನೋ ಹೇಳಬೇಕೆನ್ನಿಸಿತು. ಪಕ್ಕದಲ್ಲಿ ಟೋಪಿ ಹಾಕಿದವನೊಬ್ಬ ನಿಂತಿದ್ದ. 'ಎಷ್ಟು ನೀರು ನೋಡಿ ಸ್ವಾಮಿ' ಎಂದ. ಟೋಪಿಯವನು ಅವನನ್ನು ಮೇಲಿಂದ ಕೆಳಗೆ ಅಳೆದು, ಜೇಬು ಮುಟ್ಟಿಕೊಂಡು ಆಚೆ ಸರಿದ. ಭಟ್ಟಿ ಹಲ್ಲು ಕಚ್ಚಿಕೊಂಡು ಇಳಿದು ಬಂದ.

'ನೋಡಿದ್ರಾ?'

'ನೋಡ್ದೆ. ಹೋಗು, ನೀನೂ ನೋಡ್ಕೊಂಡು ಬಾ.'

ಅವಳು ಹೋದಳು. ಇವನು ವ್ಯಾನಿನ ಮುಂದೆ ನಿಂತ. ಕೂತ. ಎದ್ದ. ಮಕ್ಕಳು ಕಿಟಕಿಗೆ ಅಂಟಿಸಿದ್ದ ಚಿತ್ರಗಳಲ್ಲಿ ಅರ್ಧ ಕಿತ್ತದ್ದೊಂದನ್ನು ಪೂರ್ತಿ ಕಿತ್ತು ಹಾಕಿದ. ಸೀಟಿಯವನ ಜೊತೆ ಒಂದು ಸಣ್ಣ ಜಗಳವಾಡಿದ. ಜೇಬಿನ ಫೋನು ಮುಟ್ಟಿ ಮುಟ್ಟಿ ನೋಡಿದ. ಸಂಜೆ ಅವಳ ಎದುರಿಗೆ ಸಾಹುಕಾರನಿಗೆ ಫೋನು ಮಾಡುವ ನಾಟಕ ಆಡಿಬಿಡೋಣವೇ? 'ಹೂಂ ಸಾಹುಕಾರ್ರೇ, ತುಂಬಾ ಯೋಚನೆ ಮಾಡಿದೆ' ಎಂದು? ಛೀ, ಇಷ್ಟು ವಯಸ್ಸಾಗಿ ಹೆಂಡತಿಯ ಮುಂದೆ ಬಣ್ಣ ಹಚ್ಚಿಕೊಳ್ಳುವುದೇ? ಹಾಗಾದರೆ ಹೇಳಿಬಿಡು. ಈಗಲೇ, ಅವಳು ಇಳಿದು ಬಂದ ಕೂಡಲೇ ಹೇಳಿಬಿಡು.

ಅವಳು ಇಳಿದು ಬಂದಳು. ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು, ಶಾಲೆ ಬಿಟ್ಟ ಹುಡುಗಿಯ ಹಾಗಿದ್ದಳು.

'ನೋಡಿದ್ಯಾ?'

'ನೋಡ್ದೆ.'

'ಸರಿ, ನಡಿ' ಎಂದ ಅವನು. ಕೀಲಿ ಅವಳ ಕೈಗೆ ಬಂತು. ವ್ಯಾನು ಹೊರಟಿತು.

ಹಳೆಯ ಹಡಗಿನ ಸಾಮಾನುಗಳ ಮ್ಯೂಸಿಯಂನಲ್ಲಿ ಚೀಲ ಒಳಗೆ ಬಿಡುವುದಿಲ್ಲವೆಂದರು. ಚೀಲ ಇಡುವ ಕಿಟಕಿಯಲ್ಲಿ ಆಳೇ ಇರಲಿಲ್ಲ. ಅವರು ಅದಕ್ಕೂ ಚಕಾರವೆತ್ತಲಿಲ್ಲ. ಮೊದಲು ಅವಳು ಹೋದಳು, ಇವನು ಬಾಗಿಲಲ್ಲಿ ಚೀಲ ಕಾಯ್ದ. ಆಮೇಲೆ ಇವನು ಹೋದ, ಅವಳು ಕಾಯ್ದಳು. ಒಳಗೆ ಒಂದು ಹಡಗಿನ ಅಡುಗೆಮನೆಯನ್ನು ಇದ್ದ ಹಾಗೇ ಇಟ್ಟಿದ್ದರು. ಅದರ ಮೂಲೆಯಲ್ಲಿ ಗೂಡಿನಷ್ಟು ಭಟ್ಟಿ. ಅದರ ಕಬ್ಬಿಣದ ಬಾಗಿಲು ನೋಡುತ್ತಾ ಅವನು ನಿಂತವನು ನಿಂತೇ ಬಿಟ್ಟ. ಇದರ ಮುಂದೆ ನಿಂತವನ ಹೆಂಡತಿ ಎಲ್ಲಿದ್ದಳೋ, ಅವನು ಬಂದದ್ದು ಹೋದದ್ದು ಅವಳಿಗೆ ಎಷ್ಟು ಗೊತ್ತಾಗುತ್ತಿತ್ತೋ. ಅಷ್ಟರಲ್ಲಿ ಕಾವಲಿನವ ಹಗ್ಗದಾಚೆ ಕೈ ಚಾಚಬೇಡಿ ಎಂದು ಗದರಿದ. ಇವನ ಕೈ ಯಾವಾಗಲೋ ಆ ಬಾಗಿಲ ಹಿಡಿಯ ಮೇಲೆ ಹೋಗಿ ಕೂತಿತ್ತು.

ಊಟಕ್ಕೆ ಕಡಲಿಗೆ ಮುಖ ಮಾಡಿದ ಹೋಟೆಲೊಂದನ್ನು ಹೊಕ್ಕರು. ಎದುರು ಬದುರು ಕೂತರು. ಅಲ್ಲಿ ಇವನಿಗೆ ಕೈಯನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. ಮೇಜಿನ ಮೇಲಿಟ್ಟ, ತೊಡೆಯ ಮೇಲಿಟ್ಟ, ಉಪ್ಪಿನ ಡಬ್ಬಿ ತಿರುಗಿಸಿದ. ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತಾ ಊಟಕ್ಕೆ ಕೂತದ್ದು ಮಗಳ ಮದುವೆಯಲ್ಲೇ ಇರಬೇಕು, ಆವತ್ತೂ ನಡುವೆ ಬೀಗರಿದ್ದರು.

ಸೂಪು ಬಂತು, ಜೊತೆಗೆ ತಟ್ಟೆಯಲ್ಲಿ ಎರಡು ಬನ್ನು. ಇವನು ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದ. ಒತ್ತಿದ್ದು ಒತ್ತಿದ ಹಾಗೇ ಉಳಿಯಿತು.

'ಇಲ್ಲಿ ಬಾರಯ್ಯ' ಎಂದು ಬಡಿಸುವವನನ್ನು ಕರೆದ. 'ಏನಿದು?'

'ಬನ್ನು ಸರ್.'

'ಬನ್ನು ಅಂತ ನಂಗೂ ಗೊತ್ತು. ಯಾವತ್ತಿಂದು?'

'ಗೊತ್ತಿಲ್ಲ ಸರ್.'

'ಗೊತ್ತಿಲ್ಲದ್ದನ್ನ ಜನರ ಮುಂದೆ ತಂದು ಇಡ್ತೀಯಾ? ನಿಮ್ಮ ಬೇಕರಿಯವನನ್ನ ಕರಿ. ಹಿಟ್ಟು ಉಬ್ಬೋಕೆ ಬಿಟ್ಟಿದ್ದಾನಾ ಇಲ್ಲ ಹೆದರಿಸಿ ಬೇಯಿಸಿದ್ದಾನಾ ಕೇಳ್ತೀನಿ.'

'ಸರ್, ಅದು ಸೂಪ್ ಜೊತೆ ಫ್ರೀ.'

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಅವಳು ಬಾಯಿಗೆ ಕರ್ಚೀಫು ಒತ್ತಿ ಹಿಡಿದಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು. ಬಡಿಸುವವನು ಹೋದ ಮೇಲೆ ಅವನು ಆ ಬನ್ನನ್ನೇ ಸೂಪಿನಲ್ಲಿ ಅದ್ದಿ ಮುಖ ಊದಿಸಿಕೊಂಡು ತಿಂದ. ಹಸಿವಾಗಿತ್ತು.

'ಬೇಕರೀಲಿ ದಿನಾ ಹೀಗೇನಾ ನೀವು?'

'ಇನ್ನೂ ಜೋರು.'

'ಅಯ್ಯೋ ಪಾಪ' ಎಂದಳು ಅವಳು. ಯಾರಿಗೆ ಪಾಪ ಎಂದು ಹೇಳಲಿಲ್ಲ. ಮೀನಿನ ಮುಳ್ಳು ಬಿಡಿಸುತ್ತಾ ಕೇಳಿದಳು: 'ಅಲ್ಲಾ, ದೀಪಸ್ತಂಭದ ಮೇಲಿಂದ ಆ ಕೆಂಪು ಹಡಗು ನೋಡಿದ್ರಲ್ಲ, ಅದು ನಿಂತಿತ್ತಾ ಹೋಗ್ತಿತ್ತಾ? ಎಷ್ಟು ಹೊತ್ತು ನೋಡಿದ್ರೂ ಗೊತ್ತಾಗ್ಲಿಲ್ಲ.'

'ಯಾವ ಕೆಂಪು ಹಡಗು?'

'ಅಷ್ಟು ದೊಡ್ಡದಿತ್ತು!'

'ನಾನು ಹೋದಾಗ ಯಾವ ಹಡಗೂ ಇರ್ಲಿಲ್ಲ. ಬರೀ ನೀರಿತ್ತು.'

'ಮ್ಯೂಸಿಯಂನಲ್ಲಿ ಆ ಗೊಂಬೆ ಮೂತಿ? ಹಡಗಿನ ಮೂಗಿಗೆ ಕಟ್ಟಿರ್ತಾರಲ್ಲ, ಹೆಂಗಸಿಂದು?'

'ಅದೆಲ್ಲಿತ್ತು? ನಾನು ಅಡುಗೆಮನೆ ನೋಡಿದೆ.'

'ಅಡುಗೆಮನೆ ಎಲ್ಲಿತ್ತು?'

ಅವಳ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು.

'ರೀ' ಎಂದಳು ನಿಧಾನವಾಗಿ. 'ನಾವು ಇಲ್ಲಿಗೆ ಬಂದೂ ಪಾಳಿ ಮಾಡ್ತಿದ್ದೀವಲ್ರೀ. ಬೆಳಗ್ಗೆಯಿಂದ ಒಂದಾದ್ರೂ ಒಟ್ಟಿಗೆ ನೋಡಿದ್ವಾ?'

ಮಾತು ಮನಸ್ಸಿಗೆ ನಾಟಿದಾಗಲೆಲ್ಲ ಅವನ ಬಾಯಿಯಿಂದ ಬರುವುದು ಬೈಗುಳವೇ. 'ವ್ಯಾನ್ ಕಾಯ್ತೀನಿ ಅಂದೋಳು ನೀನು.'

'ಚೀಲ ಕಾಯ್ತೀನಿ ಅಂದೋರು ನೀವು.'

'ಮತ್ತೆ ಚೀಲ ಬೀದೀಲಿ ಎಸೆದು ಹೋಗೋಕಾಗುತ್ತಾ?'

'ಚೀಲದಲ್ಲಿ ಏನ್ರೀ ಇದೆ? ನಿಮ್ಮ ಎರಡು ಬನಿಯನ್ನು, ನನ್ನ ಬಾಚಣಿಗೆ. ಕದ್ದವನು ವಾಪಸ್ ತಂದು ಕೊಡ್ತಾನೆ.' ಅವಳು ಕೈ ತೊಳೆದು ಬಂದು ನಿಂತಳು. 'ಏಳಿ. ಈಗ ದೋಣಿಗೆ ಹೋಗೋಣ. ಇಬ್ರೂ. ಒಂದೇ ದೋಣಿ. ವ್ಯಾನು ಕಾಸು ತಗೊಂಡು ಕಾಯೋರ ಹತ್ರ ಬಿಡೋಣ, ಚೀಲ ಒಳಗೆ ಹಾಕಿ ಬೀಗ ಹಾಕೋಣ. ಏನಾದ್ರೂ ಆಗ್ಲಿ.'

ಬಂದರು ಸುತ್ತಿಸಿ ತರುವ ದೋಣಿ ಅದು. ಬೆಂಚುಗಳ ಮೇಲೆ ಬಿಳಿ ಬಟ್ಟೆಯ ಚಪ್ಪರ. ಇಬ್ಬರೂ ಅಂಟಿಕೊಂಡು ಕೂತರು, ಜಾಗ ಅಷ್ಟೇ ಇತ್ತು. ಅವನಿಗೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು. ವ್ಯಾನಿನ ಹಿಂದಿನ ಬಾಗಿಲು ಹಾಕಿದ್ದಾಳೋ ಇಲ್ಲವೋ. ಆ ವ್ಯಾನು ಕಾಯುವವನ ಮುಖ ಸರಿಯಿರಲಿಲ್ಲ. ಸಾಹುಕಾರ ಈಗೇನು ಮಾಡುತ್ತಿರಬಹುದು. ಸಂಜೆಗೆ ಇನ್ನೆಷ್ಟು ಹೊತ್ತಿದೆ. ದೋಣಿಯವನು ಹಗ್ಗ ಬಿಚ್ಚಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ ಎಂದು ಹೇಳಲು ಶುರು ಮಾಡಿದ. ಅವಳು ಅವನ ತೋಳು ಹಿಡಿದು 'ನೋಡಿ, ನೋಡಿ ರೀ, ಹಕ್ಕಿ' ಎಂದಳು. ಅವನು ಹಕ್ಕಿ ನೋಡಿದ. ಹೇಳಿಬಿಡಬೇಕು, ಆ ಕಂಬ ದಾಟಿದ ಮೇಲೆ ಹೇಳಿಬಿಡುತ್ತೇನೆ ಎಂದುಕೊಂಡ. ದೋಣಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಇಂಜಿನ್ನು ಒಂದೇ ರಾಗದಲ್ಲಿ ಗುರುಗುಟ್ಟುತ್ತಿತ್ತು.

ಕಣ್ಣು ಬಿಟ್ಟಾಗ ಜನ ಎದ್ದು ನಿಂತಿದ್ದರು. ದೋಣಿ ಹೊರಟಲ್ಲಿಗೇ ಬಂದು ತಗುಲಿತ್ತು. ಅವನ ತಲೆ ಅವಳ ಹೆಗಲ ಮೇಲಿತ್ತು, ಅವಳ ಹೆಗಲ ಬಟ್ಟೆ ಅವನ ಜೊಲ್ಲಿನಿಂದ ಒದ್ದೆಯಾಗಿತ್ತು.

'ಮುಗೀತಾ?'

'ಮುಗೀತು.'

'ಎಬ್ಬಿಸಬಾರದಿತ್ತಾ?' ಅವನು ಧಡಕ್ಕನೆ ಎದ್ದ, ದೋಣಿ ಅಲ್ಲಾಡಿತು. 'ಇದೊಂದು ಒಟ್ಟಿಗೆ ನೋಡೋಣ ಅಂದವಳೂ ನೀನೇ, ಸುಮ್ನೆ ಕೂತವಳೂ ನೀನೇ! ಹೆಣದ ಹಾಗೆ ಬಿದ್ದಿದ್ದೆ, ಒಂದು ತಿವಿದು ಎಬ್ಬಿಸೋಕೆ ಏನಾಗಿತ್ತು ನಿಂಗೆ?'

ಅವಳಿಗೆ ಸಿಟ್ಟು ಬರಲಿಲ್ಲ. ಅದೇ ತಪ್ಪಾಯಿತು. ಸಿಟ್ಟು ಬಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

'ನಾನು ನೋಡ್ತಿದ್ದೆ' ಎಂದಳು. 'ಮನೇಲಿ ಬೆಳಕಿಗೆ ಅಂತ ಮುಖದ ತುಂಬಾ ಬೆಡ್‌ಶೀಟ್ ಎಳ್ಕೊಂಡು ಮಲಗೋರು ನೀವು. ನಿದ್ದೇಲಿ ನಿಮ್ಮ ಮುಖ ಹೇಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಬೆರಳು ಆಡಿಸ್ತೀರಿ, ಹಿಟ್ಟು ನಾದೋ ಹಾಗೆ. ಸಿಟ್ಟೇ ಇರಲ್ಲ ಆ ಮುಖದಲ್ಲಿ. ಬಂದರು ಇರ್ಲಿ ಬಿಡಿ, ನಂಗೆ ಇವತ್ತಿನ ದುಡ್ಡು ಇಲ್ಲಿಗೇ ವಸೂಲಾಯ್ತು. ಸಂಜೆ ನೀವು ಫೋನಲ್ಲಿ ಏನೇ ಹೇಳಿ, ನಂಗೆ ಸಂತೋಷವೇ.'

ದಡದ ಕಲ್ಲಿನ ಮೇಲೆ ನಿಂತ ಭಟ್ಟಿಗೆ ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗಾಯಿತು.

'ಫೋನ್ ಮಾಡೋದೇನೂ ಇಲ್ಲ' ಎಂದ. 'ನಾನು ಆಗಲೇ ಹೇಳಾಗಿದೆ.'

'ಏನು?'

'ಫ್ಯಾಕ್ಟರಿಗೆ ಬರ್ತೀನಿ ಅಂತ. ರಾತ್ರಿಗೆ.'

'ಯಾವಾಗ?'

'ಹೊರಡೋ ಹಿಂದಿನ ದಿನ.'

ಅವಳು ವ್ಯಾನಿನವರೆಗೆ ನಡೆದಳು. ಬಾಗಿಲು ತೆಗೆದು ಕೂತು ಕೀಲಿ ಹಾಕಿದಳು. ಇಂಜಿನ್ನು ಶುರುವಾದ ಮೇಲೆ ಅದನ್ನು ಆರಿಸಿದಳು.

'ಹಾಗಾದ್ರೆ ನಾನು ಬೆಳಗ್ಗೆಯಿಂದ ಪರೀಕ್ಷೆ ಬರೀತಿದ್ದೆ, ನೀವು ಮಾರ್ಕ್ಸು ಮೊದಲೇ ಹಾಕಿ ಕೂತಿದ್ರಿ.'

'ಪರೀಕ್ಷೆ ಇಟ್ಟವಳು ನೀನು. ನಾನು ಕೇಳಿದ್ನಾ?'

'ಬೇಡ ಅನ್ನಬಹುದಿತ್ತಲ್ಲ! ನಾನು ಅಣೆಕಟ್ಟಿನ ಹತ್ರ ಕೇಳ್ದೆ, ಏನ್ ಯೋಚನೆ ಮಾಡ್ತಿದ್ದೀರಿ ಅಂತ. ಸೊಳ್ಳೆ ಕಡೀತಿದೆ ಅಂದ್ರಿ.'

'ಕಡೀತಿತ್ತು!'

'ಕೂಗಬೇಡಿ. ನಾನು ಹಿಟ್ಟು ಹುಳಿ ಮಾಡಿದ ಹುಡುಗ ಅಲ್ಲ.'

'ಪ್ಲಾಸ್ಟಿಕ್ ಕವರು ತುಂಬಿಸೋ ಕೆಲಸ ಕಣೇ ಅದು! ಕೈ ನೋಡು ನಂದು, ಇದು ಕವರು ತುಂಬಿಸೋ ಕೈಯಾ? ಹಗಲು ಹೊತ್ತು ಆ ಅಂಗಡೀಲಿ ನಾನ್ಯಾರು? ರಾತ್ರಿ ಆದ್ರೆ ಹತ್ತು ಜನ ನನ್ನ ಮಾತು ಕೇಳ್ತಾರೆ.'

'ನಾನೂ ನಿಮ್ಮ ಮಾತು ಕೇಳೋಣ ಅಂತಲೇ ಇದ್ದೆ' ಎಂದಳು ಅವಳು. 'ಬಾಗಿಲಲ್ಲಿ ಅಲ್ಲ, ಕೂತ್ಕೊಂಡು.'

ಜಗಳದಲ್ಲಿ ಯಾವಾಗಲೂ ಮಾಡುವುದನ್ನೇ ಅವನು ಮಾಡಿದ. 'ನಾನು ಹೋಗ್ತೀನಿ' ಎಂದು ಇಳಿದು ಬಾಗಿಲನ್ನು ಧಡ್ ಎಂದು ಎಳೆದ.

ಕಡಲಿಗೆ ಕಟ್ಟಿದ ಗೋಡೆಯ ಗುಂಟ ಬಿರಬಿರನೆ ನಡೆದ. ಮನೆಯಲ್ಲಿ ಜಗಳವಾದಾಗಲೆಲ್ಲ ಹೀಗೇ ಹೊರಟು ಬಿಡುತ್ತಿದ್ದ. ಕೆಲಸದ ಹೊತ್ತಾಯಿತೆಂದು ಎದ್ದರೆ ಅವಳೂ ತಡೆಯುವಂತಿರಲಿಲ್ಲ. ಬೇಕರಿಗೆ ಹೋಗಿ ಹಿಟ್ಟು ಗುದ್ದಿ ಗುದ್ದಿ ಹದ ಮಾಡುವಷ್ಟರಲ್ಲಿ ಸಿಟ್ಟು ಅದರೊಳಗೆ ಇಳಿದು ಹೋಗುತ್ತಿತ್ತು. ಬೆಳಗ್ಗೆ ಬಂದರೆ ಬಾಗಿಲಲ್ಲಿ 'ಗ್ಯಾಸ್ ಮುಗೀತು'. ಅಲ್ಲಿಗೆ ಜಗಳವೂ ಮುಗಿಯಿತು. ಯೋಚಿಸಿದರೆ ಅವರಿಬ್ಬರೂ ಒಂದೇ ಒಂದು ಜಗಳವನ್ನೂ ಕೊನೆಯವರೆಗೆ ಆಡಿರಲಿಲ್ಲ. ಎಲ್ಲವೂ ಅರ್ಧಕ್ಕೇ ನಿಂತು, ಅರ್ಧಕ್ಕೇ ನಿಂತು, ಆ ಅರ್ಧಗಳೆಲ್ಲ ಮನೆಯ ಯಾವ ಮೂಲೆಯಲ್ಲಿ ಬಿದ್ದಿದ್ದವೋ.

ಇಲ್ಲಿ ಹಿಟ್ಟಿಲ್ಲ. ಕೈ ಮುಷ್ಟಿ ಮಾಡಿ ಬಿಚ್ಚಿ, ಮುಷ್ಟಿ ಮಾಡಿ ಬಿಚ್ಚಿ ನಡೆದ. ಹೊಸದಾಗಿ ಮದುವೆಯಾದ ಹಾಗೆ ಕಾಣುವ ಜೋಡಿಯೊಂದು ಫೋನು ಚಾಚಿ 'ಅಂಕಲ್, ಒಂದು ಫೋಟೋ' ಎಂದಿತು. ಬೈಯಲು ಬಾಯಿ ತೆರೆದವನು ಯಾಕೋ ಫೋನು ಹಿಡಿದುಕೊಂಡ. 'ಹತ್ತಿರ ನಿಂತ್ಕೊಳ್ರೋ!' ಎಂದು ಬೇಕರಿಯ ದನಿಯಲ್ಲಿ ಗದರಿದ. ಅವರು ಬೆಚ್ಚಿ ಅಂಟಿಕೊಂಡರು, ಆಮೇಲೆ ನಕ್ಕರು. ಆ ನಗುವೇ ಚಿತ್ರದಲ್ಲಿ ಬಿತ್ತು. ಅರ್ಧ ಇವನ ಹೆಬ್ಬೆರಳೂ ಬಿತ್ತು.

ಗೋಡೆ ಬಂದರಿನ ಗೇಟಿನಲ್ಲಿ ಮುಗಿಯಿತು. 'ಮುಂದೆ ಬಿಡಲ್ಲ' ಎಂದ ಕಾವಲಿನವ.

'ಮುಂದೆ ಏನಿದೆ?'

'ಏನಿದ್ರೂ ಬಿಡಲ್ಲ. ವಾಪಸ್ ಹೋಗಿ.'

ಜಗಳವಾಡಲು ಒಳ್ಳೆಯ ಆಸಾಮಿಯೇ ಸಿಕ್ಕಿದ್ದ. ಆದರೆ ಭಟ್ಟಿಗೆ ಬೇಕಾದ ಜಗಳ ಅದಾಗಿರಲಿಲ್ಲ. ಗೇಟಿಗೆ ಬೆನ್ನು ಕೊಟ್ಟು ಫೋನು ತೆಗೆದ.

'ಸಾಹುಕಾರ್ರೇ, ನಾನು.'

'ಏನಯ್ಯಾ, ಊರು ಸುತ್ತಾಟ ಮುಗೀತಾ?'

'ಆವತ್ತು ಹೇಳಿದ್ದು ತಪ್ಪಾಯ್ತು. ಫ್ಯಾಕ್ಟರಿ ಬೇಡ. ಹಗಲಿಗೆ ಹಾಕ್ಕೊಳ್ಳಿ.'

'ಇದೇ ಕೊನೆ ಮಾತು ಅಂತ ನನ್ನ ಮೇಜು ಗುದ್ದಿ ಹೋದ್ಯಲ್ಲ, ಅದು? ಪ್ಯಾಕಿಂಗಿಗೆ ನಮ್ಮ ಬಾಮೈದನಿಗೆ ಹೇಳಿಬಿಟ್ಟಿದ್ದೀನಿ.'

'ಬಾಮೈದನಿಗೆ ಅದು ಒಂದೇನಾ ಕೆಲಸ?'

'ನೋಡು, ಕೇಳೋಕೆ ಬಂದವನೂ ಜೋರು ಮಾಡ್ತಿದ್ದಾನೆ! ಅಲ್ಲಾ, ಆ ಹೆಂಗಸರ ಜೊತೆ ಕೂತು ಕವರು ತುಂಬ್ತೀಯಾ ನೀನು? ಒಂದು ದಿನ ತಡೀತೀಯಾ?'

ಅವನ ಕಿವಿ ಬಿಸಿಯಾಯಿತು. ಬಾಯಿಗೆ ಬಂದದ್ದನ್ನು ಹಲ್ಲಿನಲ್ಲೇ ತಡೆದ. 'ಕೂತು ಕಲೀತೀನಿ' ಎಂದ. ತಾನೇ ಹೇಳಿದೆನೇ ಎಂದು ಅನುಮಾನವಾಯಿತು.

'ನಾನು ಮಾತು ಕೊಡಲ್ಲ. ಅಂಗಡಿ ತೆಗೆದ ದಿನ ಬಾ. ಜಾಗ ಇದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ಫ್ಯಾಕ್ಟರಿಗೆ ಬೇರೆಯವನನ್ನ ಕಳಿಸ್ತೀನಿ, ಆಮೇಲೆ ಬಂದು ಅಳಬೇಡ.'

'ಅಳಲ್ಲ. ಕಳಿಸಿ.'

ಫೋನು ಜೇಬಿಗಿಟ್ಟು ವಾಪಸ್ಸು ಬಂದರೆ ವ್ಯಾನಿಲ್ಲ. ವ್ಯಾನಿದ್ದ ಜಾಗದಲ್ಲಿ ಯಾವುದೋ ಕಪ್ಪು ಕಾರು ನಿಂತಿತ್ತು. ಅವನು ಆ ಕಾರಿನ ಸುತ್ತ ಒಂದು ಸುತ್ತು ಬಂದ, ಅದರ ಹಿಂದೆ ಹಳದಿ ವ್ಯಾನು ಅಡಗಿದೆಯೋ ಎಂಬಂತೆ. ಹೊರಟು ಹೋದಳು. ಹೋಗದೆ ಏನು? ಬಾಗಿಲು ಬಡಿದು ಹೋದವನು ತಾನು. ಅವಳಿಗೆ ವ್ಯಾನಿದೆ, ದಾರಿ ಗೊತ್ತಿದೆ, ಎಷ್ಟೋ ವರ್ಷದಿಂದ ಒಬ್ಬಳೇ ಉಂಡು ಅಭ್ಯಾಸವಿದೆ. ಅವನು ಸಾಲಿನ ಉದ್ದಕ್ಕೂ ಓಡಿದ, ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗಿ ಇನ್ನೊಂದು ಸಾಲಿಗೆ ಓಡಿದ. ಕರೆಯೋಣವೆಂದರೆ ಬೀದಿಯ ನಡುವೆ ಹೆಂಡತಿಯನ್ನು ಏನೆಂದು ಕೂಗಿ ಕರೆಯುವುದು? ಅವನು ಅವಳನ್ನು 'ಏ' ಎಂದಲ್ಲದೆ ಕರೆದವನಲ್ಲ. ಆ ಮಾತಿಗೆ ಅರ್ಧ ಊರೇ ತಿರುಗಿ ನೋಡುತ್ತದೆ.

ವ್ಯಾನು ಮರಗಳಾಚೆಯ ತಿರುವಿನಲ್ಲಿ ಸಿಕ್ಕಿತು. ಪಕ್ಕದ ಬಾಗಿಲು ಪೂರ್ತಿ ಸರಿಸಿ, ಮಕ್ಕಳು ಹತ್ತುವ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಕಣ್ಣು ಕೆಂಪಾಗಿತ್ತು.

'ಅಲ್ಲಿ ನಿಲ್ಲಿಸೋ ಹೊತ್ತು ಮುಗೀತು, ಆಚೆ ಹಾಕಿ ಅಂದ್ರು' ಎಂದಳು. ಅವನ ಏದುಸಿರು ನೋಡಿ, 'ಓಡಿ ಬಂದ್ರಾ?' ಎಂದಳು.

'ಇಲ್ಲ.' ಉಸಿರು ಹಿಡಿಯಲು ಅವನು ವ್ಯಾನಿಗೆ ಒರಗಿದ. 'ಸಾಹುಕಾರ್ರಿಗೆ ಫೋನ್ ಮಾಡ್ದೆ. ಫ್ಯಾಕ್ಟರಿ ಬೇಡ ಅಂದೆ. ಪ್ಯಾಕಿಂಗ್ ಜಾಗಾನೂ ಇದ್ಯೋ ಇಲ್ವೋ ಗೊತ್ತಿಲ್ಲ. ಅವರ ಬಾಮೈದ ಅಡ್ಡ ಕೂತಿದ್ದಾನೆ. ಎರಡೂ ಹೋದ್ರೂ ಹೋಗಬಹುದು.'

ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದ. ಅರಳಲಿಲ್ಲ.

'ಒಳ್ಳೇದು' ಎಂದಳು. 'ಆದ್ರೆ ನಂಗೆ ಸಿಟ್ಟು ಬಂದಿರೋದು ಅದಕ್ಕಲ್ಲ. ಕೆಲಸ ಯಾವುದಾದ್ರೂ ಆಗ್ಲಿ. ಮೂರು ದಿನ ಪಕ್ಕದ ಸೀಟಲ್ಲಿ ಕೂತು ನನ್ನ ಮುಖ ನೋಡ್ಕೊಂಡು ಸುಮ್ನೆ ಇದ್ರಲ್ಲ. ನಾನು ಒಬ್ಬಳೇ ಹಾಡ್ಕೊಂಡು ವ್ಯಾನ್ ಓಡಿಸ್ತಿದ್ದೆ. ಎಷ್ಟು ಪೆದ್ದಿಯಾಗಿ ಕಂಡಿರ್ಬೇಕು ನಿಮಗೆ.'

'ಪೆದ್ದಿ ಅಂತ ಅಲ್ಲ...'

'ಮತ್ತೆ?'

'ನೀನು ಹಾಡ್ತಿದ್ದೆ ಅಂತಲೇ ಹೇಳೋಕಾಗ್ಲಿಲ್ಲ. ನಿಲ್ಲಿಸಿಬಿಡ್ತೀಯ ಅಂತ.'

ಅವಳು ಕರ್ಚೀಫಿನಿಂದ ಮೂಗು ಒರೆಸಿಕೊಂಡಳು. ಮತ್ತೆ ಶುರು ಮಾಡಿದಳು. ಲೈಸೆನ್ಸಿನ ಕಾಲದ ಕೂಗಾಟ ಬಂತು. ಮಗಳಿಗೆ ಜ್ವರ ಬಂದಾಗ ಅವನು ಹೊದ್ದು ಮಲಗಿದ್ದು ಬಂತು. ಅವನೂ ಬಿಡಲಿಲ್ಲ. ತಾನು ಎದ್ದಾಗ ಮನೆಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ, ಗೋಡೆಯ ಜೊತೆ ಮಾತಾಡಬೇಕಿತ್ತೇ ಎಂದು ಕೇಳಿದ. 'ಮಾತಾಡ್ತಿದ್ರಾ?' ಎಂದಳು ಅವಳು. 'ಒಂದೊಂದು ಸಲ' ಎಂದ ಅವನು. ನಡುವೆ ಅವಳು ಅತ್ತಳು, ನಡುವೆ ಅವನ ದನಿ ಏರಿತು, ನಡುವೆ ಯಾವುದಕ್ಕೋ ಇಬ್ಬರಿಗೂ ನಗು ಬಂದು ಅದನ್ನು ಇಬ್ಬರೂ ತಡೆದುಕೊಂಡರು.

ದಡದಲ್ಲಿ ಜನವೆಲ್ಲ ಎದ್ದು ನಿಂತಿದ್ದರು. ಸೂರ್ಯ ನೀರನ್ನು ಮುಟ್ಟುವುದನ್ನು ನೋಡಲು ಫೋನುಗಳೆಲ್ಲ ಮೇಲೆದ್ದವು. ಊರು ನೋಡಲು ಬಂದವರೆಲ್ಲ ಅದಕ್ಕೇ ಬರುವುದಂತೆ. ಇವರಿಬ್ಬರೂ ಆ ಕಡೆ ತಿರುಗಲೂ ಇಲ್ಲ. ಮುಳುಗಿದ್ದು ಗೊತ್ತಾದದ್ದು ಸ್ವಲ್ಪ ಚಳಿಯಾದಾಗ.

ಭಟ್ಟಿಯ ಕಾಲು ಎರಡು ಸಲ ತಾನಾಗಿ ಎದ್ದಿತು. ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ನೆಲಕ್ಕೆ ಬಂತು. ಅವಳು ಅದನ್ನು ನೋಡಿದಳು.

'ಇನ್ನೂ ಒಂದು ಮಾತು ಇದೆ' ಎಂದಳು. 'ಹಳೇದು. ಬಹಳ ಹಳೇದು. ಹೇಳ್ಲಾ, ಬೇಡ್ವಾ?'

ಅವನು ಮೆಟ್ಟಿಲ ಮೇಲೆ ಅವಳ ಪಕ್ಕ ಜಾಗ ಮಾಡಿಕೊಂಡು ಕೂತ.

'ಹೇಳು' ಎಂದ.